ನಮ್ಮ ತಂಡ ಯಾವುದು?

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಆಟ ಆಡುವವರ ವಿಷಯವಾಗಿ ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷವೂ ಒಂದು ವರದಿ ಅಚ್ಚಾಗುತ್ತದೆ. ಆಟ ನೋಡುವವರ ವಿಷಯವಾಗಿ ಯಾರೂ ಬರೆದಂತೆ ಕಾಣೆ. ಅದು ಸಹಜವೇ, ನೋಡುವುದಕ್ಕೆ ಪದಕವಿಲ್ಲ, ಪ್ರಶಸ್ತಿಪತ್ರವಿಲ್ಲ, ಹಾಜರಿಯ ರಿಯಾಯಿತಿಯಂತೂ ಇಲ್ಲವೇ ಇಲ್ಲ. ಆದರೂ ಈ ನೋಡುವ ಜನ ಒಂದು ದೊಡ್ಡ ಪಂಗಡ. ನಾನು ಆ ಪಂಗಡಕ್ಕೆ ಸೇರಿದವನು. ಕಬಡ್ಡಿಯ ಅಂಕಣಕ್ಕೆ ಇಳಿದವನಲ್ಲ, ಅದರ ಹಗ್ಗದ ಈಚೆ ನಿಂತು ಗಂಟಲು ಹರಿದುಕೊಂಡವನು. ಈಚಿನ ವರ್ಷಗಳಲ್ಲಿ ನಮ್ಮಂಥವರ ಮುಂದೆ ಎರಡು ಬಗೆಯ ಕಬಡ್ಡಿ ಬಂದು ನಿಂತಿದೆ. ಒಂದು, ರಾತ್ರಿ ಟಿ.ವಿ.ಯಲ್ಲಿಯೂ ಮೊಬೈಲಿನಲ್ಲಿಯೂ ಕಾಣುವ ವೃತ್ತಿಪರರ ಆಟ. ಇನ್ನೊಂದು, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ಕಾಲೇಜಿನ ಹಿಂದಣ ಬಯಲಿನಲ್ಲಿ ನಡೆಯುವ ನಮ್ಮವರ ಆಟ. ಇವೆರಡರಲ್ಲಿ 'ನಮ್ಮ ತಂಡ' ಯಾವುದು ಎಂಬ ಪ್ರಶ್ನೆಯನ್ನು ವಾಚಕರ ಮುಂದಿಡುವುದಕ್ಕಾಗಿ ಈ ಲೇಖನ.

ಮೂರನೆಯದೂ ಒಂದುಂಟು. ಅದನ್ನು ಮರೆತರೆ ಮಂಡ್ಯದ ಕಡೆಯವನಾದ ನನಗೆ ಊರಿನಲ್ಲಿ ಊಟ ಹುಟ್ಟಲಾರದು. ಅದೇ ಹೊನಲು ಬೆಳಕಿನ ಪಂದ್ಯಾವಳಿ. ಸುಗ್ಗಿ ಮುಗಿದ ಮೇಲೋ, ಜಾತ್ರೆಯ ಹೊತ್ತಿಗೋ, ಗಣಪತಿ ಬಿಡುವ ದಿನವೋ ಒಂದು ಗದ್ದೆಯ ಬಯಲನ್ನು ಕಲ್ಲು ಆರಿಸಿ, ನೀರು ಹಾಕಿ, ಮಣ್ಣು ಹದಮಾಡಿ, ಸುಣ್ಣದ ಗೆರೆ ಎಳೆದು, ನಾಲ್ಕು ಕಂಬಗಳಿಗೆ ದೀಪ ಕಟ್ಟುತ್ತಾರೆ. ಗೆದ್ದವರಿಗೆ ನಗದು, ಟ್ರೋಫಿ. ಕೆಲವು ಕಡೆ ಒಂದು ಕೊಬ್ಬಿದ ಟಗರು. ಟಗರು ಗೆದ್ದ ತಂಡಕ್ಕೆ ಮರುದಿನ ಎಷ್ಟು ಮಂದಿ ಸ್ನೇಹಿತರು ಹುಟ್ಟಿಕೊಳ್ಳುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಕಬಡ್ಡಿ ನೋಡುವ ಕಣ್ಣು ನಮಗೆ ಮೊದಲು ಬಂದದ್ದು ಇಲ್ಲಿಂದ. ಪ್ರೇಕ್ಷಕನಿಗೆ ಇಲ್ಲಿ ಪಕ್ಷ ಹುಡುಕುವ ಕಷ್ಟವಿಲ್ಲ. ನಮ್ಮೂರು ಇದ್ದರೆ ನಮ್ಮೂರು. ನಮ್ಮೂರು ಸೋತರೆ, ನಮ್ಮನ್ನು ಸೋಲಿಸಿದವರಿಗೆ ಎದುರಾಗಿ ಆಡುವ ಯಾವ ಊರಾದರೂ ಸರಿ.

ಈ ಆಟದ ಸ್ವರೂಪವನ್ನು ಬದಲಾಯಿಸಿದ್ದು 2014ನೆಯ ಇಸವಿಯ ಜುಲೈ ತಿಂಗಳಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್. ಎಂಟು ತಂಡಗಳು; ಮಣ್ಣಿನ ಬದಲು ಮ್ಯಾಟು; ಬರಿಗಾಲಿನ ಬದಲು ಬೂಟು. ಮೊದಲ ವರ್ಷವೇ ಇದನ್ನು ದೇಶದಲ್ಲಿ ನಲವತ್ತು ಕೋಟಿಗೂ ಮಿಕ್ಕ ಜನ ನೋಡಿದರೆಂದು ಪತ್ರಿಕೆಗಳು ವರದಿ ಮಾಡಿದುವು. ಆ ವರ್ಷದ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಬಂದದ್ದು ರಾಕೇಶ್ ಕುಮಾರರಿಗೆ, 12 ಲಕ್ಷ 80 ಸಾವಿರ ರೂಪಾಯಿ. ಒಂಬತ್ತು ವರ್ಷಗಳ ಬಳಿಕ, 2023ರಲ್ಲಿ, ಪವನ್ ಸೆಹ್ರಾವತ್‌ರನ್ನು ತೆಲುಗು ಟೈಟನ್ಸ್ ತಂಡದವರು 2 ಕೋಟಿ 60 ಲಕ್ಷಕ್ಕೂ ಹೆಚ್ಚು ಹಣ ಕೊಟ್ಟು ಪಡೆದರು. ಮನುಷ್ಯರನ್ನು ಹರಾಜು ಹಾಕುವುದೆಂದರೆ ನಮ್ಮ ಹಿರಿಯರಿಗೆ ಇಂದಿಗೂ ಇರುಸುಮುರುಸು. ಆದರೆ ಮಣ್ಣಿನಲ್ಲಿ ಹೊರಳಿ ಮಂಡಿ ಕೆತ್ತಿಸಿಕೊಂಡವನ ವಿದ್ಯೆಗೂ ಒಂದು ಬೆಲೆಯುಂಟೆಂದು ಗೊತ್ತಾದಾಗ ನಮ್ಮ ಹಳ್ಳಿಗಳಲ್ಲಿ ಎಷ್ಟೋ ತಂದೆತಾಯಿಗಳ ಬೈಗುಳ ತಗ್ಗಿತೆಂಬುದನ್ನೂ ಹೇಳಬೇಕು.

ಹಣಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ನಿಯಮಗಳಲ್ಲಿ ಆದ ಮಾರ್ಪಾಟು. ಹಳೆಯ ಆಟದಲ್ಲಿ ನಾಲ್ಕು ಅಂಕ ಮುಂದಿದ್ದ ತಂಡ ಕಾಲಹರಣ ಮಾಡಬಹುದಾಗಿತ್ತು. ರೇಡರ್ ಹೋಗುವನು, ಗೆರೆ ಮುಟ್ಟುವನು, ಎದುರಾಳಿಗಳಿಗೆ ಒಂದು ನಮಸ್ಕಾರ ಹಾಕಿದವನಂತೆ ಹಿಂದಿರುಗುವನು. ಈಗ ಒಂದು ರೇಡಿಗೆ ಮೂವತ್ತೇ ಸೆಕೆಂಡು. ಸತತವಾಗಿ ಎರಡು ರೇಡು ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು. ತರದಿದ್ದರೆ ರೇಡರ್ ಔಟ್. ಇದಕ್ಕೆ 'ಡೂ ಆರ್ ಡೈ' ಎಂದು ಹೆಸರು. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಅವರು ರೇಡರನ್ನು ಹಿಡಿದರೆ ಒಂದರ ಬದಲು ಎರಡು ಅಂಕ; ಇದು 'ಸೂಪರ್ ಟ್ಯಾಕಲ್'. ಈ ಎರಡು ನಿಯಮಗಳಿಂದ ಸೋಲುತ್ತಿರುವವನಿಗೂ ದಾರಿ ಸಿಕ್ಕಿತು, ಗೆಲ್ಲುತ್ತಿರುವವನಿಗೂ ನಿದ್ದೆ ಕೆಟ್ಟಿತು. ಟಿ.ವಿ.ಯವರಿಗಾಗಿ ಮಾಡಿದ ನಿಯಮಗಳು ಆಟವನ್ನು ಕೆಡಿಸುತ್ತವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕಬಡ್ಡಿಯ ಮಟ್ಟಿಗೆ ಈ ಮಾತನ್ನು ನಾನು ಒಪ್ಪಲಾರೆ.

ಇನ್ನು 'ನಮ್ಮ ತಂಡ'ದ ಮಾತು. ಲೀಗಿನಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರು ಬುಲ್ಸ್. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದು ಗುಜರಾತಿನ ತಂಡವನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದ ತಂಡವನ್ನು ದಡ ಸೇರಿಸಿದವನು ಪವನ್ ಸೆಹ್ರಾವತ್. ಆ ಒಂದು ಪಂದ್ಯದಲ್ಲಿ ಅವನೊಬ್ಬನೇ ಗಳಿಸಿದ್ದು 22 ಅಂಕ. ಅಂದು ನಮ್ಮೂರಿನಲ್ಲಿ ಪಟಾಕಿ ಹೊಡೆದರು. ಆದರೆ ಒಂದು ಸಣ್ಣ ಲೆಕ್ಕ ನೋಡಿ. ತಂಡದ ಮೊದಲ ನಾಯಕ ಮಂಜೀತ್ ಛಿಲ್ಲರ್, ಪ್ರಶಸ್ತಿ ಎತ್ತಿದ ನಾಯಕ ರೋಹಿತ್ ಕುಮಾರ್, ಅಂಕ ತಂದ ಪವನ್, ಮೂವರೂ ದೆಹಲಿಯ ಸುತ್ತಿನವರು. ಆ ಸಲದ ತವರು ಪಂದ್ಯಗಳು ಕೂಡ ಬೆಂಗಳೂರಿನಲ್ಲಿ ನಡೆದಿರಲಿಲ್ಲ. ಅದರ ಹಿಂದಿನ 2017ರ ಆವೃತ್ತಿಯಲ್ಲಿ ಬೆಂಗಳೂರಿನ ತಂಡದ ತವರು ನಾಗಪುರವಾಗಿತ್ತು! 2021ರ ಡಿಸೆಂಬರಿನಿಂದ 2022ರ ಫೆಬ್ರವರಿಯವರೆಗೆ ಇಡೀ ಲೀಗು ಬೆಂಗಳೂರಿನಲ್ಲಿಯೇ ನಡೆಯಿತು. ಆದರೆ ಕೋವಿಡ್ ಕಾರಣದಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. 2023ರ ಡಿಸೆಂಬರಿನಲ್ಲಿ ಕಂಠೀರವ ಒಳಾಂಗಣದಲ್ಲಿ ಕೆಲವು ದಿನ ಆಟವಾಯಿತು. 2024ರಲ್ಲಿ ಹೈದರಾಬಾದು, ನೋಯ್ಡಾ, ಪುಣೆ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರಿನ ಹೆಸರು ಅಂಗಿಯ ಮೇಲೆ ಮಾತ್ರ ಉಳಿಯಿತು.

ಇದರ ಇನ್ನೊಂದು ಮುಖವೂ ಸ್ವಾರಸ್ಯವಾಗಿದೆ. ಹೊರಗಿನವರು ನಮ್ಮ ಹೆಸರಿನಲ್ಲಿ ಆಡುತ್ತಿದ್ದಾಗ ನಮ್ಮವರು ಹೊರಗಿನವರ ಹೆಸರಿನಲ್ಲಿ ಆಡುತ್ತಿದ್ದರು. 2017ರ ಅಂತಿಮ ಪಂದ್ಯದಲ್ಲಿ ಗುಜರಾತ್ ತಂಡದ ನಾಯಕ ಕರ್ನಾಟಕದ ಸುಕೇಶ್ ಹೆಗ್ಡೆ. ಅರ್ಜುನ ಪ್ರಶಸ್ತಿ ಪಡೆದ ನಮ್ಮ ಬಿ.ಸಿ. ರಮೇಶರು ತರಬೇತಿ ಕೊಟ್ಟ ಬೆಂಗಾಲ್ ವಾರಿಯರ್ಸ್ ತಂಡ 2019ರ ಅಕ್ಟೋಬರಿನಲ್ಲಿಯೂ, ಪುಣೇರಿ ಪಲ್ಟನ್ 2024ರ ಮಾರ್ಚಿನಲ್ಲಿಯೂ ಗೆದ್ದುವು. ಹಾಗಾದರೆ ಆ ದಿನಗಳಲ್ಲಿ ಕನ್ನಡಿಗ ಪ್ರೇಕ್ಷಕ ಯಾರ ಪಕ್ಷ ವಹಿಸಬೇಕಾಗಿತ್ತು? ನಮ್ಮ ಹಾಸ್ಟೆಲಿನಲ್ಲಿ ಈ ವಿಷಯವಾಗಿ ನಡೆದ ಚರ್ಚೆಗಳು ತರ್ಕಶಾಸ್ತ್ರದ ಅಧ್ಯಾಪಕರ ಕಿವಿಗೆ ಬೀಳದಿದ್ದುದೇ ಒಳ್ಳೆಯದಾಯಿತು.

ನಾನು ಇದನ್ನು ದೂರುವುದಿಲ್ಲ. ವೃತ್ತಿಯೆಂದಮೇಲೆ ಕೆಲಸ ಸಿಕ್ಕ ಕಡೆ ಹೋಗುವುದು ನ್ಯಾಯವೇ. ಮಂಡ್ಯದ ಹುಡುಗ ಬೆಂಗಳೂರಿನ ಕಾರ್ಖಾನೆಗೆ ಹೋಗುವಂತೆ ಹರಿಯಾಣದ ಹುಡುಗ ಬೆಂಗಳೂರಿನ ತಂಡಕ್ಕೆ ಬರುತ್ತಾನೆ. ನಾವು ಆ ತಂಡದಲ್ಲಿ ಪ್ರೀತಿಸುವುದು ಒಂದು ಹೆಸರನ್ನು ಮತ್ತು ಒಂದು ಕೌಶಲವನ್ನು. ಆ ಕೌಶಲ ನಿಜವಾದದ್ದು. ಎದುರಿನವರ ತಲೆಯ ಮೇಲೆ ಹಾರಿ ಹಿಂದಿರುಗುವ ಪವನನ ನೆಗೆತಕ್ಕೆ ಯಾವ ಊರಿನ ಗುರುತು ಬೇಕು? ಆದರೆ ಹೆಸರಿನ ಮೇಲಣ ಪ್ರೀತಿಗೂ ಮನುಷ್ಯನ ಮೇಲಣ ಪ್ರೀತಿಗೂ ವ್ಯತ್ಯಾಸವಿದೆ. ಆಡುತ್ತಿರುವವನು ಬೆಳಿಗ್ಗೆ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತಿದ್ದನೆಂಬ ಅರಿವಿನಿಂದ ಪಂದ್ಯ ನೋಡುವ ಸುಖ ಟಿ.ವಿ.ಯಲ್ಲಿ ಸಿಕ್ಕದು.

ಈ ಸುಖವನ್ನು ಪೂರ್ತಿಯಾಗಿ ಬಲ್ಲವರು ಅಮೆರಿಕದವರು. ಅಲ್ಲಿ ವೃತ್ತಿಪರ ತಂಡಗಳಿಗೆ ಕೊರತೆಯಿಲ್ಲ; ಆದರೂ ಕಾಲೇಜು ಹುಡುಗರ ಫುಟ್‌ಬಾಲನ್ನು ನೋಡಲು, ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಅವರದೇ ಫುಟ್‌ಬಾಲನ್ನು ನೋಡಲು, ಜನ ಹರಿದು ಬರುತ್ತಾರೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1 ಲಕ್ಷ 7 ಸಾವಿರಕ್ಕೂ ಹೆಚ್ಚು ಆಸನಗಳಿವೆ. ಅದಿರುವ ಆನ್ ಆರ್ಬರ್ ಊರಿನ ಜನಸಂಖ್ಯೆಯೇ ಸುಮಾರು ಅಷ್ಟು. ಹಳೆಯ ವಿದ್ಯಾರ್ಥಿಗಳು ನೂರಾರು ಮೈಲಿ ದೂರದಿಂದ ಬಂದು ಕೂರುತ್ತಾರೆ. ಬಹುಕಾಲ ಅಲ್ಲಿಯ ಆಟಗಾರರಿಗೆ ವಿದ್ಯಾರ್ಥಿವೇತನದ ಹೊರತು ಸಂಭಾವನೆ ಕೂಡದೆಂಬ ನಿಯಮವಿತ್ತು. 2021ರ ಜುಲೈನಿಂದ ತಮ್ಮ ಹೆಸರು, ಭಾವಚಿತ್ರಗಳಿಂದ ಹಣ ಗಳಿಸಲು ಅವರಿಗೆ ಅನುಮತಿ ಸಿಕ್ಕಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದಾಯಿತು. ಹೀಗಾಗಿ ವಿದ್ಯಾರ್ಥಿ ಎಲ್ಲಿ ಮುಗಿದು ವೃತ್ತಿಗಾರ ಎಲ್ಲಿ ಆರಂಭವಾದನೆಂದು ಹೇಳುವುದು ಅಲ್ಲಿ ಈಗ ಕಷ್ಟ. ಅವರ ಹಣವೂ ನಮಗೆ ಬೇಡ, ಅದರ ತಂಟೆಯೂ ಬೇಡ. ಹಳೆಯ ವಿದ್ಯಾರ್ಥಿಗಳ ಆ ಒಂದು ಗುಣ ಮಾತ್ರ ನನಗೆ ಹೊಟ್ಟೆಕಿಚ್ಚು ತರಿಸುತ್ತದೆ. ನಮ್ಮ ಕಾಲೇಜಿನಿಂದ ಹೊರಬಿದ್ದವರು ಹಿಂದಿರುಗಿ ಬರುವುದು ಅಂಕಪಟ್ಟಿಯ ನಕಲು ಬೇಕಾದಾಗ.

ನಮ್ಮ ಕಾಲೇಜು ಕ್ರೀಡೆಯ ಏರ್ಪಾಡು ಹೇಗಿದೆಯೆಂಬುದು ಎಲ್ಲರಿಗೂ ತಿಳಿದಿರಲಾರದು. ಮೊದಲು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳ ನಡುವೆ ಅಂತರಕಾಲೇಜು ಪಂದ್ಯಾವಳಿ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಆ ಅಂಗಿ ತೊಟ್ಟವನಿಗೆ 'ಬ್ಲೂ' ಎಂಬ ಗೌರವ. ಬಳಿಕ ದಕ್ಷಿಣ ವಲಯದ ಅಂತರವಿಶ್ವವಿದ್ಯಾಲಯ ಪಂದ್ಯಗಳು, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟ. ಇದನ್ನೆಲ್ಲ ನಡೆಸುವುದು 1925ರಲ್ಲಿ ಸ್ಥಾಪನೆಯಾದ, ಈಗ ಭಾರತೀಯ ವಿಶ್ವವಿದ್ಯಾಲಯಗಳ ಸಂಘವೆಂಬ ಹೆಸರಿನ ಸಂಸ್ಥೆ. 2020ರಿಂದ ಇದರ ಮೇಲೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಸೇರಿಕೊಂಡಿದೆ. ಅದರ ಎರಡನೆಯ ಕೂಟ 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿಯೇ ನಡೆಯಿತು. ಕಾಗದದ ಮೇಲೆ ಈ ಏಣಿ ಚೆನ್ನಾಗಿಯೇ ಇದೆ. ತೊಂದರೆ ಅದರ ಮೊದಲ ಮೆಟ್ಟಿಲಿನಲ್ಲಿದೆ.

ನನ್ನ ಸಹಪಾಠಿಯೊಬ್ಬನ ವಿಷಯ ಹೇಳುತ್ತೇನೆ. ಹೆಸರು ಬೇಡ, ಆಟ ನೋಡಿದವರಿಗೆ ಗೊತ್ತು, ನೋಡದವರಿಗೆ ಹೇಳಿ ಫಲವಿಲ್ಲ. ಅವನು ಎಡಗಡೆಯಿಂದ ಹೋಗುವ ರೇಡರ್. ಆರು ಮಂದಿ ಅಂಕಣದಲ್ಲಿದ್ದಾಗ ಬೋನಸ್ ಗೆರೆಯ ಆಚೆ ಒಂದು ಕಾಲು ಊರಿ, ಇನ್ನೊಂದನ್ನು ನೆಲದಿಂದ ಎತ್ತಿ, ಕಾರ್ನರಿನವನು ಕಾಲಿಗೆ ಕೈ ಹಾಕುವ ಮುನ್ನ ಸರಿದುಬಿಡುವ ಅವನ ಚಾಕಚಕ್ಯತೆ ಟಿ.ವಿ.ಯಲ್ಲಿ ನೋಡುವುದಕ್ಕೆ ಯಾವ ಬಗೆಯಲ್ಲಿಯೂ ಕಡಮೆಯದಲ್ಲ. ಅವನ ತಂದೆಗೆ ಒಂದೂವರೆ ಎಕರೆ ಕಬ್ಬು. ಮಗ ಅಭ್ಯಾಸಕ್ಕೆ ನಿಂತ ಸಂಜೆ ದನಕ್ಕೆ ಹುಲ್ಲು ತರುವವರು ಬೇರೆ ಯಾರಾದರೂ ಆಗಬೇಕು. ನಮ್ಮಲ್ಲಿ ಮ್ಯಾಟಿಲ್ಲ, ವಿಶ್ವವಿದ್ಯಾಲಯದ ಆಯ್ಕೆ ನಡೆಯುವುದು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಬರಿಗಾಲು ಜಾರುವ ಬಗೆಯೇ ಬೇರೆ, ಮ್ಯಾಟಿನ ಮೇಲೆ ಬೂಟು ಕಚ್ಚುವ ಬಗೆಯೇ ಬೇರೆ. ಮಣ್ಣಿನಲ್ಲಿ ಕಲಿತ ಹೆಜ್ಜೆಯನ್ನು ಅಲ್ಲಿ ಇಟ್ಟರೆ ಮೊಣಕಾಲು ತಿರುಗುತ್ತದೆ. ಅವನಿಗೆ ಎರಡನೆಯ ವರ್ಷ ಆದದ್ದು ಅದೇ. ವೃತ್ತಿಪರ ತಂಡದವನಿಗಾದರೆ ವೈದ್ಯರು, ಮರ್ದನದವರು, ವಿಶ್ರಾಂತಿಯ ಅವಧಿ. ಇವನಿಗೆ ಊರಿನ ಪಟ್ಟು ಹಾಕುವವರು, ಎಣ್ಣೆ, ಬಿಸಿನೀರಿನ ಕಾವು, ಮತ್ತು 'ಆಡಬೇಡ ಅಂತ ಬಡ್ಕೊಂಡೆ ಕಣ್ಲಾ' ಎಂಬ ತಾಯಿಯ ಮಾತು. ಮೂರನೆಯ ವರ್ಷ ಮತ್ತೆ ಆಡಿದ. ಆಯ್ಕೆಯ ದಿನವೂ ಕಿರುಪರೀಕ್ಷೆಯ ದಿನವೂ ಒಂದೇ ಆಯಿತು. ಅವನು ಪರೀಕ್ಷೆ ಬರೆದ. ಅವನ ಮನೆಯಲ್ಲಿ ಪದವಿಯ ಬಾಗಿಲು ಮುಟ್ಟಿದವನು ಅವನೇ ಮೊದಲಿಗ. ನನ್ನ ಮನೆಯಲ್ಲಿ ನಾನು ಹೇಗೋ ಹಾಗೆ. ಅಂಥವನಿಗೆ ಅಂದು ಬೇರೆ ಆಯ್ಕೆಯಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ದೈಹಿಕ ಶಿಕ್ಷಣದ ಅಧ್ಯಾಪಕರು ಪರೀಕ್ಷೆಯ ದಿನ ಬದಲಾಯಿಸಲು ಓಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹೊತ್ತು ಮೀರಿತ್ತು.

ವಯಸ್ಸಿನ ಲೆಕ್ಕವೂ ಇಲ್ಲಿ ಅಡ್ಡ ಬರುತ್ತದೆ. ವಿಶ್ವವಿದ್ಯಾಲಯದ ಪಂದ್ಯಗಳಲ್ಲಿ 25ರವರೆಗೂ ಆಡಬಹುದು. ವೃತ್ತಿಪರ ತಂಡಗಳಾದರೋ ಎಳೆಯರನ್ನೇ ಹುಡುಕುತ್ತವೆ; ದೆಹಲಿ ತಂಡದ ನವೀನ್ ಕುಮಾರ್ 2018ರಲ್ಲಿ ಲೀಗಿಗೆ ಇಳಿದಾಗ ಅವನಿಗೆ ಹದಿನೆಂಟು. ಹರಿಯಾಣದ ಹಳ್ಳಿಯ ಹುಡುಗ ಹೈಸ್ಕೂಲಿನಲ್ಲಿಯೇ ಮ್ಯಾಟಿನ ಮೇಲೆ ಬೆಳೆದು ಬಂದರೆ, ನಮ್ಮ ಹುಡುಗ ಮ್ಯಾಟನ್ನು ಮೊದಲು ಮುಟ್ಟುವುದು ಬಿ.ಎ. ಎರಡನೆಯ ವರ್ಷದಲ್ಲಿ. ಬೆಂಗಳೂರಿನ ತಂಡದಲ್ಲಿ ಕನ್ನಡಿಗರು ಏಕೆ ಕಡಿಮೆಯೆಂದು ತಂಡದ ಮಾಲೀಕರನ್ನು ಬೈಯುವವರು ಈ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು.

ಹುಡುಗರ ಕಥೆ ಹೀಗಾದರೆ ಹುಡುಗಿಯರದು ಇನ್ನೊಂದು. ವಾಸ್ತವವಾಗಿ ಕರ್ನಾಟಕದ ಕಬಡ್ಡಿಯ ಕೀರ್ತಿಯಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳದು. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ, ಇಬ್ಬರೂ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತ ಗೆದ್ದಾಗ ಮಮತಾ ಅದರ ನಾಯಕಿ. 2016ರಲ್ಲಿ ಲೀಗಿನವರು ಮಹಿಳೆಯರಿಗೂ ಮೂರು ತಂಡಗಳ ಒಂದು ಪಂದ್ಯಾವಳಿ ನಡೆಸಿದರು. ಅಂತಿಮ ಪಂದ್ಯದಲ್ಲಿ ಎದುರುಬದುರಾದ ಎರಡು ತಂಡಗಳ ನಾಯಕಿಯರೂ ಇವರೇ! ತೇಜಸ್ವಿನಿಯ ತಂಡ 24–23ರಿಂದ, ಒಂದೇ ಅಂಕದಿಂದ, ಗೆದ್ದಿತು. ಇಷ್ಟು ಸೊಗಸಾಗಿ ಆರಂಭವಾದದ್ದು ಮರುವರ್ಷ ಮುಂದುವರಿಯಲಿಲ್ಲ. 2025ರ ನವೆಂಬರಿನಲ್ಲಿ ಢಾಕಾದಲ್ಲಿ ನಮ್ಮ ಮಹಿಳೆಯರು ಮತ್ತೆ ವಿಶ್ವಕಪ್ ಗೆದ್ದರು. ಮರುದಿನ ನಮ್ಮ ತರಗತಿಯಲ್ಲಿ ಆ ಸುದ್ದಿ ತಿಳಿದಿದ್ದವರು, ಕಾಲೇಜು ತಂಡದ ಹುಡುಗಿಯರನ್ನು ಬಿಟ್ಟರೆ, ಬೆರಳೆಣಿಕೆಯಷ್ಟು ಮಂದಿ.

ಆ ಹುಡುಗಿಯರ ಅಭ್ಯಾಸ ಮುಗಿಯುವುದು ಆಟ ಪಳಗಿದಾಗಲ್ಲ, ಊರಿನ ಕಡೆಯ ಬಸ್ಸು ಹೊರಡುವ ಹೊತ್ತಿಗೆ. ಕಳೆದ ವರ್ಷದ ಅಂತರಕಾಲೇಜು ಪಂದ್ಯದಲ್ಲಿ ಅವರು ಉಪಾಂತ್ಯದವರೆಗೆ ಹೋದರು. ನಮ್ಮ ಕಾಲೇಜಿನ ಬಯಲಿನಲ್ಲಿಯೇ ಆಟ. ನೋಡಲು ನಿಂತಿದ್ದವರಲ್ಲಿ ಎದುರು ಕಾಲೇಜಿನವರೇ ಹೆಚ್ಚು. ಅದೇ ರಾತ್ರಿ ಹಾಸ್ಟೆಲಿನಲ್ಲಿ ಬುಲ್ಸ್ ತಂಡದ ಹಳೆಯ ಪಂದ್ಯವೊಂದನ್ನು ಇಪ್ಪತ್ತು ಜನ ಒಂದು ಮೊಬೈಲಿನ ಸುತ್ತ ಕುಳಿತು ನೋಡಿದರು. ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತಿತ್ತು.

ವೃತ್ತಿಪರ ಆಟದಿಂದ ನಾವು ಪಡೆದಿರುವ ವಿದ್ಯೆಯನ್ನು ಮನೆಯ ಆಟಕ್ಕೆ ಏಕೆ ಉಪಯೋಗಿಸಬಾರದು ಎಂಬುದು ನನ್ನ ವಾದ. ಹೊನಲು ಬೆಳಕಿನಲ್ಲಿ ನಾವು ಬರೀ ಕೂಗುತ್ತಿದ್ದೆವು. ಟಿ.ವಿ. ನಮಗೆ ಲೆಕ್ಕ ಕಲಿಸಿತು: ಯಾವ ರೇಡು ಬರಿದು, ಯಾವುದರಲ್ಲಿ ಬೋನಸ್, ಕವರಿನವನು ಬೇಗ ನುಗ್ಗಿದನೇ, ಕಾರ್ನರಿನವನ ಕೈ ಪಾದಕ್ಕೆ ಬಿತ್ತೇ ಮೊಣಕಾಲಿಗೆ ಬಿತ್ತೇ. ಈ ಬುದ್ಧಿಯಿಂದ ನಾನು ಎರಡು ವರ್ಷ ಒಂದು ನೋಟುಪುಸ್ತಕ ಇಟ್ಟೆ. ಕಾಲೇಜಿನ ತಂಡ ಆಡಿದ ಪ್ರತಿ ಪಂದ್ಯಕ್ಕೂ ಒಂದು ಹಾಳೆ. ಎಡಗಡೆ ರೇಡು, ಬಲಗಡೆ ಹಿಡಿತ. ಮೊದಮೊದಲು ಆಟಗಾರರು ನಕ್ಕರು. ಮೂರನೆಯ ಪಂದ್ಯದ ಹೊತ್ತಿಗೆ ಅವರೇ ಕೇಳಿಕೊಂಡು ಬಂದರು. ನಮ್ಮ ತಂಡ ಹೆಚ್ಚು ಅಂಕ ಕಳೆದುಕೊಳ್ಳುತ್ತಿದ್ದುದು ಬಲಗಡೆಯ ಕಾರ್ನರಿನಲ್ಲಿ ಎಂದು ಎಲ್ಲರೂ ತಿಳಿದಿದ್ದೆವು. ಬರೆದು ನೋಡಿದರೆ ಕಾರ್ನರಿನವನ ತಪ್ಪಲ್ಲ. ಪಕ್ಕದವನು ಅವನ ಕೈ ಬಿಟ್ಟು ಮುಂಚೆಯೇ ಓಡುತ್ತಿದ್ದ, ಸರಪಳಿ ಅಲ್ಲಿ ಕಡಿಯುತ್ತಿತ್ತು. ಆಮೇಲೆ ನಮ್ಮ ಅಧ್ಯಾಪಕರು ಅವರಿಬ್ಬರನ್ನು ಒಂದು ವಾರ ಕೈ ಹಿಡಿಸಿಯೇ ಓಡಾಡಿಸಿದರು.

ಒಂದು ಹಾಳೆಗೆ ಒಬ್ಬ ಬರೆಯುವವನು, ಒಬ್ಬ ಹೊತ್ತು ನೋಡುವವನು, ಇಬ್ಬರು ಸಾಕು. ಪಂದ್ಯದ ಮರುದಿನ ಆ ಹಾಳೆಯ ಪ್ರತಿಯನ್ನು ಪ್ರಕಟಣೆಯ ಫಲಕಕ್ಕೆ ಹಚ್ಚಿದರೆ ನೋಡದವರೂ ಒಂದು ಕ್ಷಣ ನಿಂತು ಓದುತ್ತಾರೆ; ಮುಂದಿನ ಪಂದ್ಯಕ್ಕೆ ಅವರಲ್ಲಿ ನಾಲ್ವರು ಬರುತ್ತಾರೆ. ಆಯ್ಕೆಯ ದಿನಗಳ ಪಟ್ಟಿಯನ್ನು ವರ್ಷದ ಆರಂಭದಲ್ಲಿಯೇ ಅದೇ ಫಲಕದಲ್ಲಿ ಹಾಕಿದರೆ ಕಿರುಪರೀಕ್ಷೆಯ ದಿನ ಗೊತ್ತುಮಾಡುವ ಅಧ್ಯಾಪಕರ ಕಣ್ಣಿಗೂ ಅದು ಬಿದ್ದೀತು. ಇದಕ್ಕೆ ಹಣ ಬೇಡ, ಮೇಲಿನವರ ಮಂಜೂರಾತಿಯೂ ಬೇಡ.

ಪುಸ್ತಕವನ್ನು ಎರಡನೆಯ ಬಿ.ಎ.ಯ ಒಬ್ಬ ವಿದ್ಯಾರ್ಥಿನಿಗೆ ಒಪ್ಪಿಸಿದ್ದೇನೆ. ಅವಳು ತಂಡದಲ್ಲಿ ಆಡುವವಳಲ್ಲ. ಆದರೆ ಅವಳ ಊರಿನ ಬಸ್ಸು ಏಳೂವರೆಗೆ. ಅರ್ಧದಷ್ಟು ಹಾಳೆಗಳು ಇನ್ನೂ ಬರಿದಾಗಿವೆ.